ಚರಂಡಿಯ ಹಠ ಹಿಡಿದ ಶಾಸಕ

ಸೂರತ್ ಸೀರೆ ಅಂದರೆ ನಮ್ಮ ಕಡೆ ಆಯೇರಿ ಸೀರೆ. ಒಬ್ಬರು ಉಡುವುದಕ್ಕಿಂತ ಹತ್ತು ಮಂದಿಯ ಕೈ ಬದಲಾಯಿಸುವುದೇ ಹೆಚ್ಚು. ಆ ಸೀರೆಗಳಲ್ಲಿ ಎಷ್ಟೋ ಉಧ್ನಾದ ಮಗ್ಗಗಳಿಂದ ಬಂದವು. ಸೂರತ್ ಸ್ಟೇಷನ್ ಬಿಟ್ಟು ಮುಂಬಯಿಯ ಕಡೆ ಹೊರಟರೆ ಮೊದಲು ಸಿಗುವ ದೊಡ್ಡ ನಿಲ್ದಾಣ ಅದು. ಜಳಗಾಂವ್, ಭುಸಾವಳದ ಹಳಿ ಅಲ್ಲಿಂದಲೇ ಪೂರ್ವಕ್ಕೆ ಕವಲೊಡೆಯುತ್ತದೆ. ರೈಲು ನಿಂತಾಗ ಕಿಟಕಿಯಿಂದ ಕಾಣುವುದು ಶೆಡ್ಡುಗಳ ಸಾಲು, ಕೇಳುವುದು ಒಂದೇ ಸಮನೆ ಲಟಪಟ. ಆ ಮಗ್ಗಗಳ ಮೇಲೆ ಓಡುವುದು ಬಹುಪಾಲು ಪಾಲಿಯೆಸ್ಟರ್ ನೂಲು, ಹತ್ತಿಯನ್ನು ಹುಡುಕಬೇಕು.

ಇದು ತಮಾಷೆಯ ಸಂಗತಿ. ಏಕೆಂದರೆ ನೂರ ಅರವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ‘ಸೂರತ್’ ಅನ್ನುವುದು ಊರಿನ ಹೆಸರಾಗಿ ಉಳಿದಿರಲಿಲ್ಲ, ಹತ್ತಿಯ ಹೆಸರಾಗಿತ್ತು. ಹಿಂದುಸ್ತಾನದ ಪಶ್ಚಿಮ ಕರಾವಳಿಯಿಂದ ಹೋದ ಗಿಡ್ಡ ಎಳೆಯ ಹತ್ತಿಯೆಲ್ಲ ಅಲ್ಲಿ ಸೂರತ್ತೇ. ಎಳೆ ತುಂಡು, ಕಸ ಹೆಚ್ಚು, ಕದಿರಿಗೆ ಹಾಕಿದರೆ ಕಡಿದು ಹೋಗುವ ಮಾಲು. ಅಮೆರಿಕದ ಅಂತರ್ಯುದ್ಧದಲ್ಲಿ ಒಳ್ಳೆಯ ಹತ್ತಿಯ ದಾರಿ ಬಂದಾಗಿ ಲ್ಯಾಂಕಶೈರಿನ ಗಿರಣಿಗಳು ಉಪವಾಸ ಬಿದ್ದಾಗ, ದೇವರೇ ಹತ್ತಿ ಕಳಿಸು ಎಂದು ಬೇಡಿಕೊಂಡ ಪಾದ್ರಿಗೆ, ಸೂರತ್ತಿನದು ಮಾತ್ರ ಬೇಡವೆಂದೂ ಸೇರಿಸಿ ಎಂದು ಕೂತವರಲ್ಲೊಬ್ಬ ಕೂಗಿದನೆಂಬ ಕತೆ ಅಲ್ಲಿ ಹುಟ್ಟಿಕೊಂಡಿತು. ಕಳಪೆ ಮಾಲು ಯಾವುದಿದ್ದರೂ ಅದನ್ನು ಸೂರತ್ ಎಂದು ಜರಿಯುವ ರೂಢಿಯೂ ಬಿತ್ತು. ಬೈಸಿಕೊಂಡ ಹತ್ತಿಯಲ್ಲಿ ನಮ್ಮ ಪಾಲೂ ಇತ್ತು. ಧಾರವಾಡದ ಕಪ್ಪು ನೆಲದಲ್ಲಿ 1840ರ ದಶಕದಲ್ಲೇ ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿ ನೋಡಿದ್ದರು. ರೈತರು ಅದನ್ನು ವಿಲಾಯತಿ ಹತ್ತಿ ಅಂದರು, ತಮ್ಮದನ್ನು ಜವಾರಿ ಅಂದರು. ಆ ಹತ್ತಿಯನ್ನು ನೇರ ಹಡಗಿಗೆ ಹಾಕಬೇಕೆಂದು ಮ್ಯಾಂಚೆಸ್ಟರಿನವರು ಕಾರವಾರದ ಬಂದರಿಗಾಗಿ ಪಟ್ಟು ಹಿಡಿದರು. ಕೊನೆಗೆ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಹೀಗೆ ಧಾರವಾಡ, ಬೆಳಗಾವಿ, ಕಾರವಾರ, ಸೂರತ್, ಅಹಮದಾಬಾದು ಎಲ್ಲವೂ ಒಂದೇ ಲಾಟಸಾಹೇಬನ ಕೈಕೆಳಗೆ, ಒಂದೇ ಶಾಸನಸಭೆಯ ಕಾನೂನಿನಡಿ ಬಂದವು.

ಆ ಸಭೆಯಲ್ಲಿ 1890ರ ದಶಕದಲ್ಲಿ ಕುಳಿತ ಒಬ್ಬ ಮುದುಕನ ಕತೆ ಇದು. ಉಧ್ನಾದಿಂದ ಉತ್ತರಕ್ಕೆ ಸುಮಾರು 230 ಕಿಲೋಮೀಟರ್ ದೂರದ ಅಹಮದಾಬಾದಿನವರು. ಹೆಸರು ರಣಛೋಡಲಾಲ್ ಛೋಟಾಲಾಲ್. ಗುಜರಾತಿನ ಹೊರಗೆ ಅವರ ಹೆಸರು ಕೇಳಿದವರು ಕಡಿಮೆ. ಕೇಳಿದವರೂ ಅವರನ್ನು ಗಿರಣಿ ಕಟ್ಟಿದ ಸಾಹುಕಾರ ಎಂದಷ್ಟೇ ಬಲ್ಲರು. ನನಗೆ ಅವರ ಗಿರಣಿಗಿಂತ ಅವರ ಚರಂಡಿಯೇ ದೊಡ್ಡದಾಗಿ ಕಾಣುತ್ತದೆ.

ಹುಟ್ಟಿದ್ದು 1823ರಲ್ಲಿ. ಜಾತಿಯಿಂದ ಸಾಠೋದರಾ ನಾಗರ ಬ್ರಾಹ್ಮಣ. ನಾಗರರೆಂದರೆ ನಮ್ಮ ಕರಣಿಕ, ಕುಲಕರ್ಣಿಗಳ ಹಾಗೆ: ಆಳುವವರು ಯಾರೇ ಆಗಲಿ, ಲೇಖನಿ ಅವರ ಕೈಯಲ್ಲಿ. ರಣಛೋಡಲಾಲರೂ ಪರ್ಷಿಯನ್, ಸಂಸ್ಕೃತ, ಇಂಗ್ಲಿಷ್ ಕಲಿತು ಕಂಪನಿ ಸರಕಾರದ ಸುಂಕದ ಕಚೇರಿಯಲ್ಲಿ ಕಾರಕೂನರಾದರು. ಮುಂದೆ ಗೋಧ್ರಾದ ಕಡೆ, ಪಂಚಮಹಲ್ ಮತ್ತು ರೇವಾಕಾಂಠಾ ಸೀಮೆಯ ಆಡಳಿತದಲ್ಲಿ ಸಾಹೇಬರ ಬಲಗೈಯಾಗುವ ಮಟ್ಟಕ್ಕೆ ಏರಿದರು. ಆ ಕಾಲಕ್ಕೆ ಒಬ್ಬ ದೇಶೀಯನಿಗೆ ಅದು ಸಣ್ಣ ಹುದ್ದೆಯಲ್ಲ.

ಹಾಗೆ ಕಚೇರಿಯಲ್ಲಿ ಕೂತೇ ಅವರಿಗೊಂದು ಹುಚ್ಚು ಹತ್ತಿತ್ತು. ಗುಜರಾತಿನ ಹತ್ತಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ ಬಟ್ಟೆಯಾಗಿ ಮರಳುವುದೇಕೆ, ಇಲ್ಲೇ ಉಗಿಯಂತ್ರ ಹಾಕಿ ನೂತರಾಗದೆ? 1840ರ ದಶಕದ ಕೊನೆಯಲ್ಲಿ ಅವರು ತಮ್ಮ ಮೇಲಧಿಕಾರಿ ಮೇಜರ್ ಫುಲ್‌ಜೇಮ್ಸ್ ಮೂಲಕ ಯಂತ್ರಗಳ ವಿವರವನ್ನು ಇಂಗ್ಲೆಂಡಿನಿಂದ ತರಿಸಿಕೊಂಡರು. ಲೆಕ್ಕ ಹಾಕಿ, ಊರಿನ ಪತ್ರಿಕೆಯಲ್ಲಿ ಪ್ರಕಟಿಸಿ, ಸರಾಫರನ್ನು ಕಂಡರು. ಅಹಮದಾಬಾದಿನ ಸರಾಫರೆಂದರೆ ಜೈನ ಮತ್ತು ವೈಷ್ಣವ ವಣಿಕರು, ತಲೆತಲಾಂತರದಿಂದ ಹುಂಡಿ ಬರೆದವರು. ಅವರು ಲೆಕ್ಕ ನೋಡಿದರು, ಮನುಷ್ಯನನ್ನು ನೋಡಿದರು, ದುಡ್ಡು ಬಿಚ್ಚಲಿಲ್ಲ. ಅವರದೂ ತಪ್ಪೆನ್ನಲಾಗದು. ಕೈಯಲ್ಲಿದ್ದ ಬಡ್ಡಿ ವ್ಯವಹಾರ, ಅಫೀಮಿನ ಸಟ್ಟಾ ಬಿಟ್ಟು, ಯಾರೂ ಕಂಡಿರದ ಯಂತ್ರಕ್ಕೆ, ಅದೂ ವ್ಯಾಪಾರಿಯಲ್ಲದ ಒಬ್ಬ ಸರಕಾರಿ ಬ್ರಾಹ್ಮಣನ ಮಾತು ನಂಬಿ, ಗಂಟು ಕೊಡುವುದು ಹೇಗೆ?

ಮುಂದೆ ಅದಕ್ಕಿಂತ ದೊಡ್ಡ ಪೆಟ್ಟು ಬಿತ್ತು. 1850ರ ದಶಕದಲ್ಲಿ ಅವರ ಮೇಲೆ ಲಂಚದ ಆರೋಪ ಬಂದು ನೌಕರಿಯೇ ಹೋಯಿತು. ತಾನು ನಿರ್ದೋಷಿಯೆಂದು ಅವರು ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ಮೂವತ್ತು ದಾಟಿದ ವಯಸ್ಸು, ಕಳಂಕ ಹೊತ್ತ ಹೆಸರು, ಕೈಯಲ್ಲಿ ಕೆಲಸವಿಲ್ಲ. ಇದೇ ಸರಕಾರ ಮುಂದೆ ಅವರಿಗೆ ರಾವ್ ಬಹಾದ್ದೂರ್ ಎಂದಿತು, ಸಿ.ಐ.ಇ. ಪದಕ ತೊಡಿಸಿತು, ಶಾಸನಸಭೆಗೆ ಕರೆದು ಕೂರಿಸಿತು. ಅಂದು ತಳ್ಳಿದ್ದೂ ಅದೇ ಸರಕಾರ. ನೌಕರಿ ಉಳಿದಿದ್ದರೆ ಅವರು ಪಿಂಚಣಿ ತೆಗೆದುಕೊಂಡ ಒಬ್ಬ ಒಳ್ಳೆಯ ಅಧಿಕಾರಿಯಾಗಿ ಮರೆತುಹೋಗುತ್ತಿದ್ದರು ಎಂದೇ ನನ್ನ ಅನಿಸಿಕೆ.

ಅಷ್ಟರಲ್ಲಿ ಕಾಲ ಸ್ವಲ್ಪ ಬದಲಾಗಿತ್ತು. ಮುಂಬಯಿಯಲ್ಲಿ ಕಾವಸಜಿ ದಾವರ್ 1854ರಲ್ಲಿ ನೂಲಿನ ಗಿರಣಿಯ ಕಂಪನಿ ಕಟ್ಟಿದ್ದರು. ಸೂರತ್ತಿಗೂ ಅಹಮದಾಬಾದಿಗೂ ನಡುವಿನ ಭರೂಚಿನಲ್ಲಿ ಜೇಮ್ಸ್ ಲ್ಯಾಂಡನ್ ಎಂಬ ಇಂಗ್ಲಿಷಿನವನು 1855ರಲ್ಲಿ ಗಿರಣಿ ಹಾಕಿದ್ದ. ಕಣ್ಣಿಗೆ ಕಂಡ ಮೇಲೆ ವಣಿಕರಿಗೂ ನಂಬಿಕೆ ಬಂತು. ಲ್ಯಾಂಡನ್ನನ ಸಲಹೆ, ಕೆಲವು ಸರಾಫರ ಷೇರು ಸೇರಿ ಒಂದು ಲಕ್ಷ ರೂಪಾಯಿ ಬಂಡವಾಳದ ಕಂಪನಿ ನಿಂತಿತು. ಯಂತ್ರ ಕೊಂಡು ಕಳಿಸಿದವರು ಆಗ ಇಂಗ್ಲೆಂಡಿನಲ್ಲಿ ವ್ಯಾಪಾರದಲ್ಲಿದ್ದ ದಾದಾಭಾಯಿ ನವರೋಜಿ, ಮುಂದೆ ಬ್ರಿಟಿಷ್ ಪಾರ್ಲಿಮೆಂಟಿಗೆ ಆರಿಸಿ ಬಂದ ಅವರೇ. ಮೊದಲ ಸಲದ ಯಂತ್ರಗಳು ಹಡಗಿಗೆ ಬೆಂಕಿ ಬಿದ್ದು ನಡುನೀರಿನಲ್ಲೇ ಹೋದವು. ಎರಡನೆಯ ಸಲದವು ಖಂಭಾತ್ ಬಂದರಿನಲ್ಲಿ ಇಳಿದವು. ರೈಲು ಅಹಮದಾಬಾದನ್ನು ಮುಟ್ಟಿದ್ದು 1863ರಲ್ಲಿ, ಹಾಗಾಗಿ ಖಂಭಾತಿನಿಂದ ಮುಂದೆ ಎತ್ತಿನ ಗಾಡಿಯೇ ಗತಿ. ಬಾಯ್ಲರು, ಚಕ್ರ, ಕಬ್ಬಿಣದ ಕಾಲುಗಳು ಗಾಡಿಯ ಮೇಲೆ ಮಲಗಿ ಮೆಕ್ಕಲು ಮಣ್ಣಿನ ದಾರಿಯಲ್ಲಿ ಬಂದವು. ಹೂತ ಗಾಲಿಗೆ ಹೆಗಲು ಕೊಟ್ಟವರ ಹೆಸರನ್ನು ಯಾರೂ ಬರೆದಿಡಲಿಲ್ಲ.

1861ರ ಮೇ 30ರಂದು, ಶಾಹಪುರದಲ್ಲಿ, 2500 ಕದಿರುಗಳ ಗಿರಣಿ ತಿರುಗಿತು. ಆ ತಾರೀಖನ್ನು ಇನ್ನೊಂದು ತಾರೀಖಿನ ಪಕ್ಕ ಇಟ್ಟು ನೋಡಬೇಕು. ಅದಕ್ಕೆ 48 ದಿನ ಮೊದಲು, ಏಪ್ರಿಲ್ 12ರಂದು, ಅಮೆರಿಕದಲ್ಲಿ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿ ಅಂತರ್ಯುದ್ಧ ಶುರುವಾಗಿತ್ತು. ಹತ್ತಿಯ ಬೆಲೆ ಹುಚ್ಚೆದ್ದು ಏರಿತು. ಹತ್ತಿ ಮಾರಿದವರ ಮನೆಗೆ ಬೆಳ್ಳಿ ಬಂತು, ಹತ್ತಿ ಕೊಳ್ಳಬೇಕಾದ ಗಿರಣಿಗೆ ಕಷ್ಟ ಬಂತು. ಸೂರತ್ತಿನಲ್ಲೇ ಹುಟ್ಟಿದ ಪ್ರೇಮಚಂದ್ ರಾಯಚಂದ್ ಮುಂಬಯಿಯಲ್ಲಿ ಹತ್ತಿ ಮತ್ತು ಷೇರಿನ ಅರಸನಾದದ್ದು, 1865ರಲ್ಲಿ ಯುದ್ಧ ನಿಂತಾಗ ಮುಂಬಯಿಯ ಬ್ಯಾಂಕುಗಳ ಸಮೇತ ಕುಸಿದದ್ದು ಆಗಲೇ. ರಣಛೋಡಲಾಲರ ಸಣ್ಣ ಗಿರಣಿ ಆ ಏರಿಳಿತವನ್ನು ದಾಟಿ ಉಳಿಯಿತು. 1867ರಲ್ಲಿ ಬೇಚರದಾಸ್ ಲಷ್ಕರಿಯವರ ಗಿರಣಿ ಬಂತು. ಶತಮಾನ ಮುಗಿಯುವಾಗ ಊರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಿಮಣಿಗಳು. ನಮ್ಮ ಗೋಕಾಕದ ಗಿರಣಿ 1887ರಲ್ಲಿ ಶುರುವಾದಾಗ ಶಾಹಪುರದ್ದಕ್ಕೆ ಆಗಲೇ 26 ವರ್ಷ.

ಇನ್ನು ಶಾಸನಸಭೆಯ ಮಾತು. ಆ ಯುದ್ಧ ನಡೆಸುತ್ತಿದ್ದ ಅಮೆರಿಕದ ಅಧ್ಯಕ್ಷ ಲಿಂಕನ್ ರಾಜಕಾರಣ ಕಲಿತದ್ದು ಇಲಿನಾಯ್ ರಾಜ್ಯದ ಶಾಸನಸಭೆಯಲ್ಲಿ. 1834ರಲ್ಲಿ, 25ನೆಯ ವಯಸ್ಸಿನಲ್ಲಿ, ಊರವರ ಓಟು ಕೇಳಿ ಗೆದ್ದು ನಾಲ್ಕು ಅವಧಿ ಅಲ್ಲಿದ್ದರು. ಆ ಸಭೆ 1837ರಲ್ಲಿ ರೈಲು, ಕಾಲುವೆ ಎಂದು ಸಾಲ ಮಾಡಿ ಭಾರಿ ಯೋಜನೆಗೆ ಕೈಹಾಕಿತು, ಲಿಂಕನ್ನರೂ ಕೈ ಎತ್ತಿದ್ದರು. ಆ ವರ್ಷವೇ ಅಮೆರಿಕದ ಹಣದ ಪೇಟೆ ಮುರಿದುಬಿತ್ತು. ರಾಜ್ಯದ ತಲೆಯ ಮೇಲೆ ಸಾಲ ಉಳಿಯಿತು, ಹಳಿ ಅಷ್ಟಾಗಿ ಉಳಿಯಲಿಲ್ಲ. ಓಟು ಹಾಕಿದವರ ದುಡ್ಡನ್ನು ಓಟು ಪಡೆದವರು ಕಳೆದರು, ಬೈಗುಳವೂ ಅವರಿಗೇ ಸಂದಿತು.

ಮುಂಬಯಿಯ ಸಭೆಯಲ್ಲಿ ಇಂಥದ್ದಕ್ಕೆ ಎಡೆಯೇ ಇರಲಿಲ್ಲ. 1861ರ ಕಾಯಿದೆಯಂತೆ ಹುಟ್ಟಿದ ಆ ಸಭೆ 1862ರ ಜನವರಿಯಲ್ಲಿ ಮೊದಲ ಸಲ ಸೇರಿತು. ಗವರ್ನರ್ ಕರೆದವರೇ ಸದಸ್ಯರು. ಮುಂದಿಟ್ಟ ಮಸೂದೆಯ ಬಗ್ಗೆ ಮಾತಾಡಬಹುದು, ಪ್ರಶ್ನೆ ಕೇಳುವ ಹಾಗಿಲ್ಲ, ಆಯವ್ಯಯದ ಕಾಗದ ಮುಟ್ಟುವ ಹಾಗಿಲ್ಲ. ಅಹಮದಾಬಾದಿನಿಂದ ಮೊದಲು ಅಲ್ಲಿ ಕುಳಿತವರು ನಗರಶೇಠ್ ಪ್ರೇಮಾಭಾಯಿ ಹೇಮಾಭಾಯಿ, ಊರಿನ ಅತ್ಯಂತ ದೊಡ್ಡ ಮನೆತನದವರು. ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು 1881ರ ಅಕ್ಟೋಬರ್ 7ರಂದು 144 ಮಂದಿಯ ಪ್ರಜಾಪ್ರತಿನಿಧಿ ಸಭೆ ಕರೆದಾಗ ಅದಕ್ಕೂ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಆದರೆ ಅಲ್ಲಿ ರೈತ, ವರ್ತಕ ಎದ್ದು ನಿಂತು ತನ್ನ ಕೆರೆಯ ಮಾತಾಡಬಹುದಿತ್ತು. ಮುಂಬಯಿಯಲ್ಲಿ ಬಾಯಿ ಸ್ವಲ್ಪ ತೆರೆದದ್ದು 1892ರ ಕಾಯಿದೆಯಿಂದ. ಮುನಿಸಿಪಾಲಿಟಿ, ಲೋಕಲ್ ಬೋರ್ಡು, ವಿಶ್ವವಿದ್ಯಾಲಯಗಳು ಹೆಸರು ಸೂಚಿಸಿದರೆ ಸರಕಾರ ಒಪ್ಪುವುದು ಎಂಬ ಸುತ್ತುದಾರಿಯ ಚುನಾವಣೆ, ಪ್ರಶ್ನೆ ಕೇಳುವ ಹಕ್ಕು, ಆಯವ್ಯಯದ ಮೇಲೆ ಚರ್ಚೆ. ಫಿರೋಜಶಾ ಮೆಹ್ತಾ, 1895ರಲ್ಲಿ ತಿಲಕರು ಆ ಬಾಗಿಲಿನಿಂದ ಒಳಗೆ ಬಂದವರು. ಅದೇ ದಶಕದಲ್ಲಿ ಎಪ್ಪತ್ತರ ಆಸುಪಾಸಿನ ರಣಛೋಡಲಾಲರೂ ಅಲ್ಲಿದ್ದರು. ಧಾರವಾಡ, ಬಿಜಾಪುರದ ಮಂದಿಯನ್ನು ಆಳುವ ಕಾನೂನು ಬರೆದವರಲ್ಲಿ, ಲೆಕ್ಕಕ್ಕಾದರೂ, ಅವರೂ ಒಬ್ಬರು.

ಲೆಕ್ಕಕ್ಕಾದರೂ ಎಂದೆ. ಅವರ ನಿಜವಾದ ಶಾಸಕತನ ಮುಂಬಯಿಯಲ್ಲಿ ನಡೆಯಲಿಲ್ಲ, ಅಹಮದಾಬಾದಿನ ಮುನಿಸಿಪಾಲಿಟಿಯಲ್ಲಿ ನಡೆಯಿತು. 1882ರಲ್ಲಿ ಲಾರ್ಡ್ ರಿಪನ್ ಸ್ಥಳೀಯ ಸ್ವರಾಜ್ಯದ ನಿರ್ಣಯ ಹೊರಡಿಸಿದ ಮೇಲೆ ಊರಿನ ಆಡಳಿತದಲ್ಲಿ ದೇಶೀಯರಿಗೆ ಜಾಗ ಹಿಗ್ಗಿತು. 1885ರಲ್ಲಿ ರಣಛೋಡಲಾಲ್ ಅಹಮದಾಬಾದ್ ಮುನಿಸಿಪಾಲಿಟಿಯ ಮೊದಲ ಭಾರತೀಯ ಅಧ್ಯಕ್ಷರಾದರು.

ಆಗಿನ ಅಹಮದಾಬಾದನ್ನು ಕಣ್ಣಮುಂದೆ ತಂದುಕೊಳ್ಳಿ. ಕೋಟೆಯೊಳಗಿನ ಊರು. ಒಂದೊಂದು ಜಾತಿ, ಕಸುಬಿನವರಿಗೆ ಒಂದೊಂದು ಪೋಳ, ಅಂದರೆ ಒಂದೇ ಬಾಗಿಲಿನ ಇಕ್ಕಟ್ಟಾದ ಓಣಿ. ಬಾಗಿಲು ಮುಚ್ಚಿದರೆ ರಾತ್ರಿ ಕಳ್ಳನೂ ಬರಲಾರ, ಹಗಲು ಗಾಳಿಯೂ ಬರಲಾರದು. ಕುಡಿಯುವ ನೀರಿಗೆ ಸಾಬರಮತಿ, ಮನೆಯಡಿಯ ಟಾಂಕಾದಲ್ಲಿ ಕೂಡಿಟ್ಟ ಮಳೆನೀರು, ಉಪ್ಪುಪ್ಪಾದ ಬಾವಿ. ಹೊಲಸಿಗೆ ಮನೆಯಡಿಯಲ್ಲೇ ಗುಂಡಿ. ಗುಂಡಿಯೂ ಬಾವಿಯೂ ಒಂದೇ ನೆಲದಲ್ಲಿ ಕೆಲವೇ ಮಾರು ಅಂತರದಲ್ಲಿ. ಮೇಲೆ ಕೆತ್ತನೆಯ ಮರದ ಜರೋಕಾ, ಇಂದು ಪ್ರವಾಸಿಗರು ಫೋಟೋ ತೆಗೆಯುವಂಥದ್ದು. ಕೆಳಗೆ ಕಾಲರಾ.

ಇದಕ್ಕೆ ಮದ್ದು ಎರಡೇ ಎಂದರು ರಣಛೋಡಲಾಲ್: ಕೊಳಾಯಿಯ ನೀರು, ನೆಲದಡಿಯ ಚರಂಡಿ. ಊರು ತಿರುಗಿ ಬಿತ್ತು. ಬ್ರಿಟಿಷರ ಮೇಲಿನ ಸಿಟ್ಟಾಗಿದ್ದರೆ ನಮ್ಮ ಪಠ್ಯಪುಸ್ತಕದಲ್ಲಿ ಸೇರುತ್ತಿತ್ತೇನೋ. ಇದು ಸ್ವಂತ ಊರಿನ, ಸ್ವಂತ ಜಾತಿಯ ಮುದುಕನ ಮೇಲಿನ ಸಿಟ್ಟು. ತೆರಿಗೆ ಏರುತ್ತದೆ ಎಂಬುದು ಮೊದಲ ತಕರಾರು, ನ್ಯಾಯವಾದದ್ದೇ. ಕೊಳಾಯಿಯೊಳಗೆ ಚರ್ಮದ ವಾಷರ್ ಇರುತ್ತದೆ, ಆ ನೀರು ಮೈಲಿಗೆ ಎಂಬುದು ಎರಡನೆಯದು. ಒಂದೇ ಕೊಳವೆಯ ನೀರನ್ನು ಎಲ್ಲ ಜಾತಿಯವರೂ ಕುಡಿಯಬೇಕಾಗುತ್ತದೆ ಎಂಬುದು ಬಾಯಿಬಿಟ್ಟು ಹೇಳದಿದ್ದರೂ ಅದರ ಹಿಂದಿದ್ದ ಮೂರನೆಯದು. ಸಭೆಗಳಾದವು, ಅರ್ಜಿಗಳಾದವು. ಗಂಗೆ ತುಂಬಿದ ತಾಮ್ರದ ಗಿಂಡಿಯನ್ನು ಪೂಜಿಸುವ ನಾಡಿಗೆ ಬೀದಿಯ ನಲ್ಲಿ ಅಂಜಿಕೆ ಹುಟ್ಟಿಸಿದ್ದರಲ್ಲಿ ಆಶ್ಚರ್ಯವಿಲ್ಲ. ರಣಛೋಡಲಾಲ್ ಸ್ವತಃ ಆಚಾರವಂತ ಬ್ರಾಹ್ಮಣರು. ಚರ್ಮದ ವಾದವನ್ನು ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ. ಅದನ್ನು ಬಲ್ಲವರಾಗಿಯೇ ಅವರು ಅದನ್ನು ಪಕ್ಕಕ್ಕಿಟ್ಟರು.

1891ರಲ್ಲಿ ದುಧೇಶ್ವರದ ನೀರಿನ ಕಾರಖಾನೆ ಶುರುವಾಯಿತು. ಸಾಬರಮತಿಯ ಪಕ್ಕದ ಬಾವಿಗಳಿಂದ ಮೇಲೆತ್ತಿದ ನೀರು ಕೊಳವೆಯಲ್ಲಿ ಊರಿಗೆ ಹರಿಯಿತು. ನಲ್ಲಿ ತೆರೆದ ಮೇಲೆ ಏನಾಯಿತೆಂದರೆ, ಎಲ್ಲ ಊರುಗಳಲ್ಲಿ ಆಗುವುದೇ: ಬೈದವರೂ ಕೊಡ ಹಿಡಿದು ನಿಂತರು. ಬೆಂಗಳೂರಿಗೆ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬಂದದ್ದು, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, ಇದಾದ ಕೆಲವು ವರ್ಷಗಳ ನಂತರ. ಅಲ್ಲಿ ಅರಮನೆ ಮತ್ತು ದಿವಾನರ ಬಲವಿತ್ತು. ಅಹಮದಾಬಾದಿನಲ್ಲಿ ಇದ್ದದ್ದು ಮುನಿಸಿಪಾಲಿಟಿಯ ತೆರಿಗೆ, ಸರಕಾರದ ಸಾಲ ಮತ್ತು ಒಬ್ಬ ಮುದುಕನ ಹಠ.

ಚರಂಡಿಯ ಕೆಲಸ ನೀರಿನಷ್ಟು ಸಲೀಸಾಗಿ ಸಾಗಲಿಲ್ಲ. ನೀರು ಬಂದರೆ ಕೊಡ ತುಂಬುವುದು ಕಣ್ಣಿಗೆ ಕಾಣುತ್ತದೆ. ಚರಂಡಿಯಿಂದ ಬರುವ ಲಾಭ ಕಾಣುವಂಥದ್ದಲ್ಲ, ಯಾರೋ ಸಾಯದೆ ಉಳಿದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಮನೆ ಮುಂದಿನ ಓಣಿ ಅಗೆಯುವುದು, ದುರ್ನಾತ, ಖರ್ಚು ಮಾತ್ರ ಕಾಣುತ್ತದೆ. ಹಿಂದುಸ್ತಾನಕ್ಕೆ ಒಮ್ಮೆಯೂ ಬಾರದೆ ಲಂಡನ್ನಿನ ಕೋಣೆಯಿಂದಲೇ ಇಲ್ಲಿನ ಊರುಗಳ ಆರೋಗ್ಯಕ್ಕಾಗಿ ಪತ್ರ ಬರೆಯುತ್ತಿದ್ದ ಫ್ಲಾರೆನ್ಸ್ ನೈಟಿಂಗೇಲ್ ಅಹಮದಾಬಾದಿನ ಈ ಯೋಜನೆಗೂ ಬೆನ್ನು ತಟ್ಟಿದರು. ಊರಿನೊಳಗೆ ಬೆನ್ನು ತಟ್ಟುವವರು ಕಡಿಮೆ. ಆದರೂ 1890ರ ದಶಕದಲ್ಲಿ ರಣಛೋಡಲಾಲ್ ಕೋಟೆಯೊಳಗಿನ ಒಂದು ಭಾಗದಲ್ಲಿ ಕೊಳವೆ ಹೂಳಿಸಿಯೇ ಬಿಟ್ಟರು. ಇಂಥ ಕೆಲಸಕ್ಕೆ ಆ ಕಾಲದ ದೇಶೀಯ ಅಧ್ಯಕ್ಷರು ಕೈಹಾಕಿದ್ದು ಬಲು ಅಪರೂಪ. ಸೇತುವೆಗೆ ಹೆಸರಿಡಬಹುದು, ಗಡಿಯಾರದ ಗೋಪುರಕ್ಕೆ ಕಲ್ಲು ಕೂರಿಸಬಹುದು. ಚರಂಡಿಗೆ ಯಾರ ಹೆಸರಿಡುತ್ತಾರೆ?

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ತೋರಿಸಬೇಕು. ಓಣಿಯ ಕಾಲರಾ ಕಂಡ ಕಣ್ಣಿಗೆ ಗಿರಣಿಯೊಳಗಿನ ಮಗು ಕಾಣಲಿಲ್ಲ, ಅಥವಾ ಕಂಡರೂ ಲೆಕ್ಕದ ಪುಸ್ತಕದಲ್ಲಿ ಕಂಡಿತು. 1881ರ ಫ್ಯಾಕ್ಟರಿ ಕಾಯಿದೆ ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು ಎಂದಿತ್ತು. ಏಳು ತುಂಬಿದವರನ್ನು ದಿನಕ್ಕೆ ಒಂಬತ್ತು ಗಂಟೆ ದುಡಿಸಬಹುದಿತ್ತು! 1891ರ ಕಾಯಿದೆ ಆ ವಯಸ್ಸನ್ನು ಒಂಬತ್ತಕ್ಕೆ ಏರಿಸಿ, ಮಕ್ಕಳಿಗೆ ಏಳು ಗಂಟೆ, ಹೆಂಗಸರಿಗೆ ಹನ್ನೊಂದು ಗಂಟೆ, ಎಲ್ಲರಿಗೂ ವಾರಕ್ಕೊಂದು ರಜೆ ಎಂದಿತು. ಅದೇ ವರ್ಷ ಅಹಮದಾಬಾದಿನ ಗಿರಣಿ ಮಾಲೀಕರು ಸಂಘ ಕಟ್ಟಿಕೊಂಡರು. ಮೊದಲ ಅಧ್ಯಕ್ಷರು ರಣಛೋಡಲಾಲ್. ಈ ಕಾಯಿದೆಗಳ ಹಿಂದೆ ಮ್ಯಾಂಚೆಸ್ಟರಿನ ಹೊಟ್ಟೆಕಿಚ್ಚು ಇತ್ತು ಎಂಬ ದೇಶೀಯ ಮಾಲೀಕರ ದೂರಿನಲ್ಲಿ ಸತ್ಯವಿದೆ. ಆ ಸತ್ಯವನ್ನು ಮುಂದೆ ಮಾಡಿ ಒಂಬತ್ತು ವರ್ಷದ ಹುಡುಗನನ್ನು ಹಿಂದೆ ನಿಲ್ಲಿಸಿದ್ದರಲ್ಲೂ ಅಷ್ಟೇ ಸತ್ಯವಿದೆ. 1895ರಲ್ಲಿ ಮಾಲೀಕರ ಸಂಘ ವಾರಕ್ಕೊಮ್ಮೆ ಕೊಡುತ್ತಿದ್ದ ಕೂಲಿಯನ್ನು ಹದಿನೈದು ದಿನಕ್ಕೊಮ್ಮೆ ಕೊಡುವುದೆಂದು ತೀರ್ಮಾನಿಸಿದಾಗ ಸಾವಿರಾರು ನೇಕಾರರು ಮಗ್ಗ ಬಿಟ್ಟು ಹೊರಬಂದರು. ಅಹಮದಾಬಾದಿನ ಗಿರಣಿಗಳು ಕಂಡ ಮೊದಲ ದೊಡ್ಡ ಮುಷ್ಕರ ಅದು. ಗಾಂಧೀಜಿ ಉಪವಾಸ ಕೂತ 1918ರ ಮುಷ್ಕರಕ್ಕೆ ಇನ್ನೂ 23 ವರ್ಷವಿತ್ತು. ವಾರದ ಕೂಲಿಯಲ್ಲಿ ಬದುಕುವವನಿಗೆ ಎರಡನೆಯ ವಾರದ ಹಿಟ್ಟನ್ನು ಅಂಗಡಿಯವನು ಬಡ್ಡಿಯ ಮೇಲೆ ಕೊಡುತ್ತಾನೆ ಎಂಬುದು ಸರಾಫರ ಊರಿಗೆ ಗೊತ್ತಿರದ ವಿಷಯವೇನಲ್ಲ.

ಕೊಳಾಯಿಯ ನೀರೂ ಮೊದಲು ಹರಿದದ್ದು ಕೋಟೆಯೊಳಗಿನ ಊರಿಗೆ. ಕೋಟೆಯ ಹೊರಗೆ, ಚಿಮಣಿಗಳ ಬುಡದಲ್ಲಿ ಬೆಳೆಯುತ್ತಿದ್ದ ಚಾಳುಗಳಿಗೆ ಅದು ತಡವಾಗಿ, ಸಣ್ಣಗೆ ಹೋಯಿತು. ಈ ಮಾತು ಬರೆಯುವಾಗ ಉಧ್ನಾದ ಮಗ್ಗದ ಶೆಡ್ಡುಗಳೇ ಕಣ್ಣಿಗೆ ಬರುತ್ತವೆ. ಒಡಿಶಾದ ಗಂಜಾಮಿನಿಂದ ಬಂದ ಹುಡುಗರು ಪಾಳಿಯ ಮೇಲೆ ದುಡಿಯುತ್ತಾರೆ, ಪಾಳಿಯ ಮೇಲೆ ಒಂದೇ ಕೋಣೆಯಲ್ಲಿ ಮಲಗುತ್ತಾರೆ. 1994ರಲ್ಲಿ ಸೂರತ್ತಿನಲ್ಲಿ ಪ್ಲೇಗು ಎಂಬ ಸುದ್ದಿ ಹಬ್ಬಿ ಲಕ್ಷಾಂತರ ಜನ ರೈಲು ಹತ್ತಿ ಓಡಿದಾಗ ಊರು ನೋಡಿಕೊಂಡದ್ದು ತನ್ನ ಚರಂಡಿಯನ್ನೇ. ಮರುವರ್ಷ ಬಂದ ಮುನಿಸಿಪಲ್ ಕಮಿಷನರ್ ಎಸ್. ಆರ್. ರಾವ್ ಊರನ್ನು ಗುಡಿಸಿ ತೊಳೆಸಿದ್ದು ದೇಶವೆಲ್ಲ ಸುದ್ದಿಯಾಯಿತು. ನೂರು ವರ್ಷ ಮೊದಲು ಒಬ್ಬ ಮುನಿಸಿಪಾಲಿಟಿ ಅಧ್ಯಕ್ಷ ಕೂಗಿ ಹೇಳಿದ್ದನ್ನು ಅದೇ ರಾಜ್ಯದ ಇನ್ನೊಂದು ಊರು ಪ್ಲೇಗಿನ ಬಾಯಿಂದ ಕೇಳಬೇಕಾಯಿತು.

ರಣಛೋಡಲಾಲ್ ತೀರಿಕೊಂಡದ್ದು 1898ರ ಅಕ್ಟೋಬರ್ 26ರಂದು. ಮುಂಬಯಿಗೆ ಎರಡು ವರ್ಷ ಹಿಂದೆ ಬಂದ ಪ್ಲೇಗು ಆ ಹೊತ್ತಿಗೆ ಹುಬ್ಬಳ್ಳಿ, ಬೆಂಗಳೂರುಗಳನ್ನು ಖಾಲಿ ಮಾಡಿಸುತ್ತಿತ್ತು. ಮೊಮ್ಮಗ ಚಿನುಭಾಯಿ ಮಾಧವಲಾಲ್ 1913ರಲ್ಲಿ ಬ್ಯಾರೊನೆಟ್ ಪದವಿ ಪಡೆದರು, ಹಿಂದೂಗಳಲ್ಲಿ ಅದನ್ನು ಪಡೆದವರಲ್ಲಿ ಅವರೇ ಮೊದಲಿಗರು. ಅಜ್ಜನ ಹೆಸರಿನ ಆರ್. ಸಿ. ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಅಹಮದಾಬಾದಿನಲ್ಲಿ ನಿಂತಿದೆ. ಚರಂಡಿ ಮಾತ್ರ ಅವರ ಜೀವಮಾನದಲ್ಲಿ ಇಡೀ ಊರನ್ನು ಮುಟ್ಟಲಿಲ್ಲ. 1924ರಲ್ಲಿ ಅದೇ ಅಧ್ಯಕ್ಷರ ಕುರ್ಚಿಯಲ್ಲಿ ವಲ್ಲಭಭಾಯಿ ಪಟೇಲರು ಬಂದು ಕುಳಿತಾಗ, ಅವರ ಮುಂದಿದ್ದ ದೊಡ್ಡ ಕೆಲಸ ಮತ್ತೆ ನೀರು ಮತ್ತು ಚರಂಡಿಯದೇ ಆಗಿತ್ತು.